ಏಳನೇ ಇಲೆಕ್ಷನ್ನಿನ ಭಂಡಾರ

ನಮ್ಮ ಗೌಡರು ಆರು ಸಲ ಎಂಎಲ್‌ಎ ಆದರು. ಮೂರು ಪಕ್ಷ ಬದಲಿಸಿದರು. ಒಂದು ಸಲ ಯಾವ ಪಕ್ಷವೂ ಟಿಕೆಟ್ ಕೊಡದಿದ್ದಾಗ ತಾವೇ ನಿಂತು ಗೆದ್ದರು. ಇದಕ್ಕೆ ಪೇಪರಿನವರು ಏನೇನೋ ಕಾರಣ ಬರೆಯುತ್ತಾರಂತೆ. ಗಾಳಿ ಅಂತೆ, ಜಾತಿ ಲೆಕ್ಕ ಅಂತೆ, ಗೌಡರ ಒಳ್ಳೆಯತನ ಅಂತೆ. ಅವರ ಒಳ್ಳೆಯತನಕ್ಕೆ ಬೆಂಕಿ ಬೀಳಲಿ. ಕಾರಣ ನನ್ನ ಬುಟ್ಟಿಯಲ್ಲಿದೆ. ಒಂದು ಹಿಡಿ ಭಂಡಾರ.

ನಾನು ಸಾಬವ್ವ. ಊರು ಕಡಣಿಹಾಳ, ವಿಜಯಪುರ ಜಿಲ್ಲೆ. ಊರು ಎಂದೆನಲ್ಲ, ಊರೊಳಗೆ ನಮಗೆ ಜಾಗವಿಲ್ಲ. ಹೊರಗಿನ ಹೊಲಗೇರಿ ನಮ್ಮದು. ಮದುವೆಯಾದ ವರ್ಷವೇ ಗಂಡ ಅಂಬಾದಾಸನ ಹಿಂದೆ ಇತ್ತ ಮುಂಬೈ ಕಡೆಗೆ ಬಂದೆ. ಈಗ ಘಣಸೋಲಿಯ ನಾಲೆಯ ಪಕ್ಕ ತಗಡಿನ ಝೋಪಡಿ. ಬೆಳಿಗ್ಗೆ ಎದ್ದು ಕೂಲಿಯವರು ಸೇರುವ ನಾಕಾದಲ್ಲಿ ನಿಲ್ಲುತ್ತೇವೆ. ಮುಕಾದಮ್ ಬಂದು ಬೆರಳು ತೋರಿಸಿದವರು ಕೆಲಸಕ್ಕೆ, ಉಳಿದವರು ಮನೆಗೆ. ರಬಾಳೆಯ ಕಾರ್ಖಾನೆಗಳ ಪಾಯ ತೋಡಿದ್ದೇನೆ. ಡೊಂಬಿವಲಿಯ ಸೊಸೈಟಿಗಳಿಗೆ ಮಹಡಿ ಮೇಲೆ ಮಹಡಿ ಕಾಂಕ್ರೀಟ್ ಹೊತ್ತಿದ್ದೇನೆ. ಕಬ್ಬಿಣದ ಘಮೇಲ ಹೊತ್ತು ಹೊತ್ತು ನಡುನೆತ್ತಿಯ ಕೂದಲು ಹೋಗಿ ಅಂಗೈಯಷ್ಟು ಬೋಳಾಗಿದೆ. ಕುತ್ತಿಗೆ ಎಡಕ್ಕೆ ತಿರುಗುವುದಿಲ್ಲ. ಯಾರಾದರೂ ಎಡಗಡೆಯಿಂದ ಕರೆದರೆ ಮೈಯನ್ನೇ ತಿರುಗಿಸಬೇಕು.

ಇದೇ ತಲೆಯ ಮೇಲೆ ಎಲ್ಲಮ್ಮನ ಬುಟ್ಟಿಯೂ ಇದೆ. ಅತ್ತೆಯಿಂದ ಬಂದದ್ದು. ಬಿದಿರ ಬುಟ್ಟಿ, ಹಿತ್ತಾಳೆಯ ದೇವಿ ಮುಖ, ಸುತ್ತ ಅರಿಶಿನದ ಭಂಡಾರ. ಕಲಬುರಗಿ, ವಿಜಯಪುರ, ರಾಯಚೂರಿನಿಂದ ಬಂದು ಇಲ್ಲಿ ಬಿದ್ದುಕೊಂಡವರಿಗೆಲ್ಲ ಇದೇ ಕೋರ್ಟು, ಇದೇ ಕಚೇರಿ. ಗಂಡ ಕುಡಿಯುವುದು ಬಿಡುತ್ತೇನೆ ಎಂದರೆ ಈ ಭಂಡಾರ ಮುಟ್ಟಿ ಹೇಳಬೇಕು. ಕದ್ದಿಲ್ಲ ಎಂದರೆ ಇದನ್ನೇ ಮುಟ್ಟಿ ಹೇಳಬೇಕು. ಆಣೆ ಮುರಿದರೆ ಮನೆಯಲ್ಲಿ ಮಕ್ಕಳು ಉಳಿಯುವುದಿಲ್ಲ ಎಂದು ನಂಬಿಕೆ. ಪೊಲೀಸರ ಲಾಠಿಗೆ ಹೆದರದ ಗಂಡಸರು ಈ ಹಳದಿ ಪುಡಿಯ ಮುಂದೆ ನಡುಗುತ್ತಾರೆ.

ಇದು ಗೌಡರಿಗೆ ಮೊದಲ ಇಲೆಕ್ಷನ್ನಿನಲ್ಲೇ ಗೊತ್ತಾಯಿತು. ಗೌಡರೆಂದರೆ ಬಸಲಿಂಗಪ್ಪಗೌಡರು. ಆಗ ಅವರ ಮೀಸೆ ಕಪ್ಪಗಿತ್ತು. ಓಟು ಕೇಳಲು ಕೇರಿಗೆ ಬಂದರೆ ಬಾಗಿಲಿಗೆಲ್ಲ ಬೀಗ. ಜನ ಎಲ್ಲಿ ಅಂದರೆ ಮುಂಬೈ. ಕೂಡಲೇ ಒಂದು ಲಾರಿ ಕಳಿಸಿದರು. ಕಲ್ಲು ಸಾಗಿಸುವ ಲಾರಿ. ಹತ್ತುವ ಮೊದಲು ನಮ್ಮ ಅತ್ತೆಯ ಬುಟ್ಟಿ ತರಿಸಿ ಒಬ್ಬೊಬ್ಬರಿಂದಲೂ ಭಂಡಾರ ಮುಟ್ಟಿಸಿದರು. ಗೌಡರ ಗುರುತಿಗೇ ಓಟು ಎಂದು ಆಣೆ. ಗೆದ್ದರು. ಆಮೇಲೆ ಅದೇ ಪದ್ಧತಿಯಾಯಿತು. ಅತ್ತೆ ಸತ್ತ ಮೇಲೆ ಬುಟ್ಟಿ ನನ್ನ ಕೈಗೆ ಬಂತು, ಜೊತೆಗೆ ಈ ಕೆಲಸವೂ ಬಂತು.

ಗೌಡರು ಬೆಳೆದ ಹಾಗೆ ಗಾಡಿಯೂ ಬೆಳೆಯಿತು. ಲಾರಿ ಹೋಗಿ ಟೆಂಪೋ ಬಂತು. ಅವರು ಯಾವುದೋ ನಿಗಮದ ಅಧ್ಯಕ್ಷರಾದ ಮೇಲೆ ಸೀಟಿರುವ ಬಸ್ಸು. ಮಂತ್ರಿಯಾಗಿ ಇಳಿದ ಮೇಲೆ ಪರದೆ ಹಾಕಿದ, ಟಿವಿ ಇರುವ ಬಸ್ಸು. ದಾರಿಯಲ್ಲಿ ಊಟ, ಕೈಗೊಂದು ನೀರಿನ ಬಾಟಲಿ. ಅಬ್ಬಬ್ಬಾ, ಏನು ಮರ್ಯಾದೆ! ಅಕ್ಕಾ ಹತ್ರಿ, ಅಣ್ಣಾ ಕುಂಡ್ರಿ. ಓಟು ಹಾಕಿ ಶಾಲೆಯಿಂದ ಹೊರಗೆ ಬಂದರೆ ಬಸ್ಸು ಇಲ್ಲ. ಅಕ್ಕಾ ಎಂದವರು ಫೋನು ಎತ್ತುವುದಿಲ್ಲ. ಮರಳಿ ಬರುವುದು ನಮ್ಮ ಪಾಡು. ರೈಲಿನ ಪಾಯಖಾನೆಯ ಬಾಗಿಲಲ್ಲಿ ಕುಕ್ಕುರುಗಾಲಲ್ಲಿ ಕೂತು ಬಂದಿದ್ದೇವೆ. ಹತ್ತಿ ಲಾರಿಯ ಮೇಲೆ ಹಗ್ಗ ಹಿಡಿದುಕೊಂಡು ಬಂದಿದ್ದೇವೆ. ಇದನ್ನು ಯಾರೂ ಅನ್ಯಾಯ ಎನ್ನಲಿಲ್ಲ, ನಾವೂ ಎನ್ನಲಿಲ್ಲ.

ಓಟು ಇಲ್ಲೇ ಮಾಡಿಸಿಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಮುಕಾದಮ್ ಜಟ್ಟೆಪ್ಪ ಬಿಡಬೇಕಲ್ಲ. ಅವನು ನಮ್ಮ ಕೇರಿಯವನೇ, ನನ್ನ ಕಣ್ಣ ಮುಂದೆ ಚಡ್ಡಿ ಹಾಕಿಕೊಂಡು ಬೆಳೆದವನು. ಕೆಲಸ ಕೊಡುವವನು ಅವನೇ, ಝೋಪಡಿ ಕೊಡಿಸುವವನು ಅವನೇ, ಇಲೆಕ್ಷನ್ನಿಗೆ ತಲೆ ಎಣಿಸುವವನೂ ಅವನೇ. "ಊರಾಗ ಹೆಸ್ರು ಕಿತ್ರ ಮನಿ ಜಾಗಾ ಹೋಗ್ತದ, ರೇಷನ್ ಹೋಗ್ತದ, ನೋಡ್ಕೋರಿ," ಎಂದು ಹೆದರಿಸುತ್ತಿದ್ದ. ಒಂದು ಸಲ ನಾಲೆಯ ಪಕ್ಕದ ಝೋಪಡಿ ಕೆಡವಲು ಜೆಸಿಬಿ ಬಂತು. ಇಲ್ಲಿನ ಪುಢಾರಿಯ ಕಚೇರಿಗೆ ಓಡಿದೆವು. ಮೇಜಿನ ಹಿಂದೆ ಕೂತವನು ತಲೆ ಎತ್ತದೆ ಕೇಳಿದ, "ಮತದಾನ ಕುಠೇ ತುಮಚಂ?" ನಿಮ್ಮ ಓಟು ಎಲ್ಲಿ ಎಂದು. ಕರ್ನಾಟಕದಲ್ಲಿ ಎಂದೆವು. ಹಾಗಾದರೆ ಅಲ್ಲಿಗೇ ಹೋಗಿ ಕೇಳಿ ಎಂದ. ಅಲ್ಲಿ ಹೋಗಿ ಕೇರಿಗೊಂದು ನಲ್ಲಿ ಕೇಳಿದರೆ ಗೌಡರು ನಗುತ್ತಾರೆ: "ನೀವು ಮುಂಬೈದವ್ರು. ನಿಮಗೇನ್ ಕಡಿಮಿ?"

ಹೋದ ಇಲೆಕ್ಷನ್ನಿನಲ್ಲಿ ಮಾತ್ರ ಓಟು ಹಾಕಿ ಬಂದಾಗ ಒಂದು ಟೆಂಪೋ ನಿಂತಿತ್ತು. ಉಳ್ಳಾಗಡ್ಡಿ ಸಾಗಿಸುವ ಟೆಂಪೋ. ಗೌಡರ ಕಡೆಯವರು ಕೊಟ್ಟಿದ್ದಾರೆ, ಹತ್ರಿ ಹತ್ರಿ ಎಂದ ಜಟ್ಟೆಪ್ಪ. ನಮಗೆ ಖುಷಿಯೋ ಖುಷಿ. ಉಸಿರಾಡಲು ಜಾಗವಿಲ್ಲದಷ್ಟು ತುಂಬಿಕೊಂಡೆವು. ಅಂಬಾದಾಸ ಹೆಂಗಸರಿಗೆ ಒಳಗೆ ಜಾಗ ಬಿಟ್ಟು ಹಿಂದಿನ ಹಲಗೆಯ ಮೇಲೆ ಕೂತ. ಸೋಲಾಪುರ ದಾಟಿ ಎಷ್ಟೋ ದೂರ ಬಂದಿದ್ದೆವು. ಮಟಮಟ ಮಧ್ಯಾಹ್ನ. ಟೈರು ಸಿಡಿಯಿತು. ನಾನು ಡಾಂಬರಿನ ಮೇಲೆ ಬಿದ್ದೆ. ಟೆಂಪೋ ಮಗುಚಿತು, ಹಲಗೆಯಿಂದ ಬಿದ್ದ ಅಂಬಾದಾಸನ ಮೇಲೆಯೇ ಉರುಳಿತು. ಪಕ್ಕದ ಝೋಪಡಿಯ ಚಂದ್ರಬಾಯಿಯ ಮಗನೂ ಅದರ ಕೆಳಗಿದ್ದ.

ಆಸ್ಪತ್ರೆಯ ಅಂಗಳದಲ್ಲಿ ಕೂರಿಸಿದರು. ಹೆಣಗಳು ಒಳಗೆ. ನನ್ನ ಕೈಯಲ್ಲಿ ಇನ್ನೂ ಹಸಿರು ಬಳೆಗಳಿದ್ದವು. ಜಟ್ಟೆಪ್ಪ ಯಾರ ಜೊತೆಗೋ ಫೋನಿನಲ್ಲಿ ಮಾತಾಡಿ ಬಂದ. ಜಜ್ಜಿಹೋದ ಬುಟ್ಟಿಯನ್ನು ತಂದು ನನ್ನ ಮಡಿಲಲ್ಲಿ ಇಟ್ಟ.

"ಪೊಲೀಸ್ರು ಬರ್ತಾರ. ಟೆಂಪೋ ನಾವಽ ಬಾಡಿಗಿ ಮಾಡಿದ್ವಿ ಅನ್ರಿ. ಗೌಡ್ರ ಹೆಸ್ರು ಯಾರ ಬಾಯಾಗೂ ಬರಬಾರ್ದು, ಇವತ್ತೂ ಬರಬಾರ್ದು, ಮುಂದೂ ಬರಬಾರ್ದು. ಬಂತಂದ್ರ ಹೆಣಾ ಕೊಡಂಗಿಲ್ಲ. ಮುಟ್ರಿ ಭಂಡಾರ."

ಮುಟ್ಟಿದರು. ಕೈ ಮುರಿದವರೂ ಮುಟ್ಟಿದರು. ಚಂದ್ರಬಾಯಿ ರಕ್ತದ ಕೈಯಲ್ಲೇ ಮುಟ್ಟಿದಳು. ನಾನೂ ಮುಟ್ಟಿದೆ. ನನಗೆ ಗಂಡನ ಹೆಣ ಬೇಕಿತ್ತು. ನಾವು ಹೆಣ ಊರಿಗೆ ಒಯ್ದು ಮಣ್ಣು ಕೊಟ್ಟು ಕೇರಿಯಲ್ಲಿ ಕೂತಿದ್ದಾಗ ಊರೊಳಗೆ ಪಟಾಕಿ ಹೊಡೆದರು. ಗೌಡರು ಆರನೇ ಸಲ ಗೆದ್ದಿದ್ದರು.

ಆಣೆ ಎಂದರೆ ಆಣೆ. ಆಮೇಲೆ ಯಾರೂ ತುಟಿ ಬಿಚ್ಚಲಿಲ್ಲ. ನಾನು ಮಗನಿಗೂ ಹೇಳಲಿಲ್ಲ. ಮಗ ಅಂಬರೀಶನಿಗೆ ಆಗ ಓಟಿನ ವಯಸ್ಸಾಗಿರಲಿಲ್ಲ, ಇಲ್ಲೇ ಉಳಿದಿದ್ದ. ಅಪ್ಪ ಅಗ್ಗದ ಟೆಂಪೋ ಮಾಡಿಕೊಂಡು ಸತ್ತ ಎಂದೇ ನಂಬಿದ. ಕುಡಿದಾಗ ಅಪ್ಪನನ್ನು ಬೈಯುತ್ತಾನೆ. ನಾನು ಕೇಳಿಸಿಕೊಂಡು ರೊಟ್ಟಿ ಬಡಿಯುತ್ತೇನೆ. ಏನೂ ಮಾಡದ ಗಂಡನನ್ನು ಹೆತ್ತ ಮಗ ಬೈಯುವುದನ್ನು ಕೇಳಿಸಿಕೊಂಡು ಸುಮ್ಮನಿರುವುದಿದೆಯಲ್ಲ, ಆ ಸಂಕಟ ನನ್ನ ವೈರಿಗೂ ಬೇಡ.

ಈಗ ಏಳನೇ ಇಲೆಕ್ಷನ್ ಬಂತು.

ಮೊದಲು ಗೌಡರೇ ಬಂದರು. ಡೊಂಬಿವಲಿಯ ಕನ್ನಡ ಸಂಘದವರು ಒಂದು ಹಾಲ್ ಹಿಡಿದು ಸನ್ಮಾನ ಇಟ್ಟಿದ್ದರು. ಸಾಹುಕಾರರು, ಬ್ಯಾಂಕಿನವರು, ಇಳಕಲ್ ಸೀರೆಯ ಹೆಂಗಸರು. ಜನ ತುಂಬಿ ಕಾಣಬೇಕು ಎಂದು ಜಟ್ಟೆಪ್ಪ ನಮ್ಮನ್ನೂ ಕರೆದುಕೊಂಡು ಹೋದ. ತುಂಬಿ ಕಾಣುವ ಮೊದಲು ಕುರ್ಚಿ ಹೊರಬೇಕಿತ್ತು. ಲಿಫ್ಟು ಅತಿಥಿಗಳಿಗೆ. ನಾವು ಹೆಂಗಸರು ಮೆಟ್ಟಿಲು ಹತ್ತಿ ಹೊತ್ತೆವು. ಸಂಘದ ಕಾರ್ಯದರ್ಶಿ ಜಯಶೀಲ ಎಂಬವರು, ಮಂಗಳೂರು ಕಡೆಯವರು, ಒಳ್ಳೆಯವರಂತೆಯೇ ಮಾತಾಡಿದರು.

"ನೀವು ಊಟ ಕೆಳಗೆ ಪಾರ್ಕಿಂಗಲ್ಲಿ ಮಾಡಿ ಆಯ್ತಾ? ಮೇಲೆ ಫ್ಯಾಮಿಲಿಯವರು ಇದ್ದಾರೆ. ಬೇಜಾರು ಮಾಡ್ಬೇಡಿ ಮಾರಾಯ್ರೆ."

ಮೇಲೆ ಸ್ಟೀಲಿನ ತಟ್ಟೆ, ಕೆಳಗೆ ಕಾಗದದ ತಟ್ಟೆ. ನಮಗೆ ಹೊಸದಲ್ಲ ಬಿಡಿ. ಹಾಲ್‌ನ ಹಿಂದಿನ ಗೋಡೆಗೆ ಒರಗಿ ನಿಂತು ಭಾಷಣ ಕೇಳಿದೆವು. ಗೌಡರಿಗೆ ಪೇಟ ಸುತ್ತಿದರು. ಮೂವತ್ತು ವರ್ಷದ ಸೇವೆ ಎಂದರು. ಸೋಲಿಲ್ಲದ ಸರದಾರ ಎಂದರು. ಜನ ಇವರನ್ನು ಯಾಕೆ ಇಷ್ಟು ಪ್ರೀತಿಸುತ್ತಾರೆ ಎಂದು ಒಬ್ಬರು ಮೈಕಿನಲ್ಲಿ ಕೇಳಿ ಅವರೇ ಉತ್ತರ ಹೇಳಿದರು. ಚಂದ್ರಬಾಯಿ ನನ್ನ ಪಕ್ಕ ನಿಂತಿದ್ದಳು. ಚಪ್ಪಾಳೆ ಬಿದ್ದಾಗಲೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಊಟದ ಹೊತ್ತಿಗೆ ಗೌಡರು ಪಾರ್ಕಿಂಗಿಗೆ ಇಳಿದು ಬಂದರು. ನಮ್ಮ ಜನ, ನಮ್ಮ ಜನ ಎನ್ನುತ್ತಾ ಬಂದರು. ಮೀಸೆಗೆ ಬಣ್ಣ ಹಚ್ಚಿದ್ದರು. ನನ್ನನ್ನು ನೋಡಿ ನಿಂತರು.

"ಏನಬೇ ಸಾಬವ್ವ, ಆರಾಮಿದ್ದೀ? ಅಂಬಾದಾಸ ಎಲ್ಲಿ? ಕಾಣವಲ್ಲ?"

ತಟ್ಟೆಯನ್ನು ಕೆಳಗಿಟ್ಟೆ. ಜಟ್ಟೆಪ್ಪ ಕೆಮ್ಮಿದ. "ಅಂವ ಇಲ್ರಿ ಧಣಿ. ಹೋದ ಸಲ... ಗಾಡಿ..."

"ಹಾಂ ಹಾಂ ಹಾಂ. ಪಾಪ. ಒಳ್ಳೇ ಮನಷ್ಯಾ."

ಅಷ್ಟೇ. ನನ್ನ ಗಂಡ ಸತ್ತದ್ದು ಆ ಮನುಷ್ಯನಿಗೆ ನೆನಪೇ ಇಲ್ಲ. ನೆನಪಿದ್ದೂ ಸುಳ್ಳು ಹೇಳಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

"ಗೌಡ್ರ, ಈ ಸಲ ಬಸ್ಸು ಮರಳಿ ಬರ್ತದೇನ್ರಿ?" ಎಂದೆ. "ನನ್ನ ಸೊಸಿಗೆ ದಿನ ತುಂಬ್ಯಾವ. ಅಕಿ ಟೆಂಪೋದಾಗ ಬರಾಕಾಗಲ್ಲ."

"ಬಸ್ಸು ಎರಡು ದಿನ ಊರಾಗ ನಿಂತಿರ್ತದವ್ವ. ಮನಿ ಬಾಗ್ಲಿಗೆ ತಂದು ಬಿಡ್ತದ. ನಾ ಹೇಳೀನಲ್ಲ?"

ಜಟ್ಟೆಪ್ಪ ಬುಟ್ಟಿಯನ್ನು ತರಿಸಿದ್ದ. ಗೌಡರ ಎದುರೇ ನಾಲ್ಕು ಜನರಿಂದ ಆಣೆ ಮಾಡಿಸಿ ತೋರಿಸಬೇಕೆಂದು ಅವನ ಲೆಕ್ಕ. ನಾನು ಬುಟ್ಟಿಯನ್ನು ಎತ್ತಿ ಗೌಡರ ಮುಂದೆ ಹಿಡಿದೆ.

"ಹಂಗಾರ ಮುಟ್ಟಿ ಹೇಳ್ರಿ. ಆರು ಸಲ ನಾವು ಮುಟ್ಟೀವಿ. ಒಂದು ಸಲ ನೀವು ಮುಟ್ರಿ."

ಗೌಡರು ನಕ್ಕರು. ಎರಡೂ ಕೈ ಜೋಡಿಸಿ ದೇವಿಗೆ ದೂರದಿಂದಲೇ ನಮಸ್ಕಾರ ಮಾಡಿದರು. "ನಮ್ಮ ಮನೆತನದಾಗ ಆಣಿ ಮಾಡೂ ಪದ್ಧತಿ ಇಲ್ಲವ್ವ. ಮಾತು ಅಂದ್ರ ಮಾತು." ಮುಟ್ಟಲಿಲ್ಲ. ಕಾರು ಹತ್ತಿದರು.

ಮನೆಗೆ ಬರುವ ದಾರಿಯಲ್ಲೇ ಜಟ್ಟೆಪ್ಪನಿಗೆ ಹೇಳಿಬಿಟ್ಟೆ, ಜ್ಯೋತಿ ಈ ಸಲ ಊರಿಗೆ ಬರುವುದಿಲ್ಲ ಎಂದು. ಜ್ಯೋತಿ ನನ್ನ ಸೊಸೆ. ಮೊದಲನೆಯ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮುನ್ಸಿಪಾಲ್ಟಿಯ ದವಾಖಾನೆಯಲ್ಲಿ ಹೆಸರು ಹಚ್ಚಿದ್ದೆವು. ದೂರ ಪ್ರಯಾಣ ಮಾಡಬಾರದು, ಮಾಡಿದರೆ ಕೂಸಿನ ಜೊತೆ ತಾಯಿಯೂ ಹೋಗುತ್ತಾಳೆ ಎಂದು ಡಾಕ್ಟರಮ್ಮ ಕೈ ಹಿಡಿದು ಹೇಳಿದ್ದರು. ಮರುದಿನ ಬೆಳಿಗ್ಗೆ ನಾಕಾದಲ್ಲಿ ಜಟ್ಟೆಪ್ಪ ಅಂಬರೀಶನಿಗೆ ಬೆರಳು ತೋರಿಸಲಿಲ್ಲ. ಅದರ ಮರುದಿನವೂ ತೋರಿಸಲಿಲ್ಲ. ಆಮೇಲೆ ಝೋಪಡಿಗೇ ಬಂದ.

"ಯಕ್ಕಾ, ಈ ಸಲ ಭಾಳ ಟೈಟ್ ಅದ. ಗೌಡ್ರು ಒಂದೊಂದು ಓಟಿಗೂ ಲೆಕ್ಕಾ ಕೇಳಾಕತ್ತಾರ. ಮನಿಯಾಗ ಎಷ್ಟು ಹೆಸ್ರು ಅದಾವೋ ಅಷ್ಟೂ ಬಸ್ಸಿನ್ಯಾಗ ಇರಬೇಕು. ಇಲ್ಲಾಂದ್ರ ಗ್ಯಾಂಗಿನ್ಯಾಗ ಜಾಗಾ ಇಲ್ಲ, ಈ ಖೋಲಿನೂ ಇಲ್ಲ."

"ಬಸುರಿ ಹೆಂಗಸನ್ನ ಎಳ್ಕೊಂಡು ಹೋಗ್ತೀಯೇನೋ ಭಾಡ್ಯಾ? ನಿನ್ನ ಹಡದಾಕಿ ಹೆಂಗಸಲ್ಲೇನು?"

"ನಂದೇನು ನಡೀತದ ಯಕ್ಕಾ," ಎಂದು ತಲೆ ತಗ್ಗಿಸಿದ. ಆದರೂ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಅಂಬರೀಶನಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. "ಅಮ್ಮಾ, ಜಾನೇ ದೇ ನಾ. ಬಸ್ ಹೈ, ಟೀವಿ ಹೈ, ಕ್ಯಾ ಹೋಗಾ?" ಬಸ್ಸಿದೆ, ಟೀವಿಯಿದೆ, ಹೋಗಲಿ ಬಿಡು ಎಂದ. ನಾನು ಅಪ್ಪನ ನೆನಪು ಮಾಡಿದೆ. ಅವನು ಸಿಟ್ಟಿಗೆದ್ದ. "ಬಾಬಾ ಕೀ ಗಲತೀ ಥೀ! ಸಸ್ತಾ ಟೆಂಪೋ ಕಿಸನೇ ಕಿಯಾ? ಬಾಬಾನೇ ಕಿಯಾ!" ಅಪ್ಪನದೇ ತಪ್ಪು, ಅಗ್ಗದ ಟೆಂಪೋ ಮಾಡಿದವನು ಅವನೇ ಎಂದ. ನನ್ನ ಗಂಟಲಿನ ತನಕ ಮಾತು ಬಂತು. ಬುಟ್ಟಿಯ ಕಡೆ ನೋಡಿದೆ. ಆಣೆ ಮುರಿದರೆ ಈ ಹೊಟ್ಟೆಯಲ್ಲಿರುವುದೇ ಹೋದರೆ? ನುಂಗಿಕೊಂಡೆ. ಜ್ಯೋತಿ ಗೋಡೆಗೆ ಒರಗಿ ಹೊಟ್ಟೆಯ ಮೇಲೆ ಕೈಯಿಟ್ಟು ಅಳುತ್ತಿದ್ದಳು. ನನಗೆ ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯಲಿಲ್ಲ. ದಣಿವಾಗಿತ್ತು. ಇಷ್ಟು ವರ್ಷ ದುಡಿದದ್ದೆಲ್ಲ ಆ ಹೊತ್ತಿನಲ್ಲಿ ಒಟ್ಟಿಗೆ ಮೈಮೇಲೆ ಬಂದಂತಾಯಿತು.

ಹೊರಡುವ ದಿನ ಇಳಿಹೊತ್ತಿಗೆ ನಾಕಾದ ಪಕ್ಕದ ಮೈದಾನಕ್ಕೆ ಬಸ್ಸು ಬಂತು. ಗಾಜಿನ ತುಂಬ ಗೌಡರ ಮುಖ. ಜನ ಗಂಟು ಮೂಟೆ ತಂದಿದ್ದರು. ಅಂಬರೀಶ ನನ್ನ ಮಾತು ಕೇಳದೆ ಜ್ಯೋತಿಯನ್ನೂ ಕರೆತಂದು ಒಂದು ಸಿಮೆಂಟ್ ಪೈಪಿನ ಮೇಲೆ ಕೂರಿಸಿ ಚೀಲ ಹಿಡಿದು ನಿಂತಿದ್ದ. ಅವಳ ಕಾಲು ಊದಿದ್ದವು, ಚಪ್ಪಲಿ ಹಿಡಿಯುತ್ತಿರಲಿಲ್ಲ. ಜಟ್ಟೆಪ್ಪ ಬಸ್ಸಿನ ಬಾಗಿಲಲ್ಲಿ ನನಗೆ ಜಾಗ ಮಾಡಿಕೊಟ್ಟ. ಎಂದಿನ ಹಾಗೆ ನಾನು ಬುಟ್ಟಿ ಹಿಡಿದು ನಿಲ್ಲಬೇಕು, ಒಬ್ಬೊಬ್ಬರೇ ಮುಟ್ಟಿ ಹತ್ತಬೇಕು.

ನಾನು ಡ್ರೈವರನ ಕಿಟಕಿಗೆ ಹೋದೆ. ಸೋಲಾಪುರದ ಹುಡುಗ, ಬಾಯಲ್ಲಿ ಗುಟ್ಕಾ. ಊರಲ್ಲಿ ಎಷ್ಟು ದಿನ ನಿಲ್ಲುತ್ತೀಯಪ್ಪ ಎಂದು ಮರಾಠಿಯಲ್ಲಿ ಕೇಳಿದೆ.

"ಥಾಂಬಣಾರ ನಾಹೀ ಮಾವಶಿ. ಬುಕಿಂಗ್ ಫಕ್ತ ಜಾಯಚಂ ಆಹೇ. ಉದ್ಯಾ ಲಗ್ನಾಚಂ ಭಾಡಂ ಆಹೇ."

ನಿಲ್ಲುವುದಿಲ್ಲ. ಬಾಡಿಗೆ ಹೋಗುವುದಕ್ಕೆ ಮಾತ್ರ. ನಾಳೆ ಅವನಿಗೆ ಯಾರದೋ ಮದುವೆ ದಿಬ್ಬಣದ ಬಾಡಿಗೆಯಿದೆ. ಪಾಪ, ಆ ಹುಡುಗನಿಗೆ ಸುಳ್ಳು ಹೇಳಲು ಯಾರೂ ಕಲಿಸಿರಲಿಲ್ಲ.

ಬಾಗಿಲಿಗೆ ಮರಳಿ ಬಂದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಬಸ್ಸು ಮರಳಿ ಬರಂಗಿಲ್ಲ. ಡ್ರೈವರ್ ಹೇಳ್ಯಾನ. ಗೌಡ್ರು ಸುಳ್ಳು ಹೇಳ್ಯಾರ. ನಾ ಬುಟ್ಟಿ ಹಿಡಿಯಂಗಿಲ್ಲ."

"ಏಯ್ ಯಕ್ಕಾ, ಬ್ಯಾರೆ ಬಸ್ಸು ಬರ್ತದ. ಸುಮ್ ಹಿಡಿ."

"ಹಿಡಿಯಂಗಿಲ್ಲಂದ್ರ ಹಿಡಿಯಂಗಿಲ್ಲ. ನನ್ನ ಸೊಸಿ ಈ ಬಸ್ಸು ಹತ್ತಂಗಿಲ್ಲ. ಖೋಲಿ ತಗೋತೀಯಾ, ತಗೋ. ರಸ್ತೆದಾಗ ಹಡೀತಾಳ. ನಿನ್ನ ಟೆಂಪೋದಾಗ ಸಾಯಂಗಿಲ್ಲ."

ಜನ ಅತ್ತಿತ್ತ ನೋಡಿದರು. ಯಾರೋ ಒಬ್ಬ, "ಆಣಿ ಮೊದ್ಲಽ ಅದ ಅಲ್ಲಬೇ, ಹೆಂಗ ಬಿಡೂದು?" ಎಂದ. ಅದು ನಿಜ. ಭಂಡಾರ ಮುಟ್ಟಿ ಮುಟ್ಟಿ ಎಲ್ಲರ ಕೈಗೂ ಗೌಡರ ಆಣೆ ಅಂಟಿಕೊಂಡಿತ್ತು.

ಆಗ ನನಗೆ ಅತ್ತೆ ಮಾಡುತ್ತಿದ್ದದ್ದು ಹೊಳೆಯಿತು. ಅಣ್ಣತಮ್ಮಂದಿರು ಜಗಳವಾಡಿ, ನಿನ್ನ ಮನೆಯ ನೀರು ಮುಟ್ಟುವುದಿಲ್ಲ ಎಂದು ಆಣೆ ಮಾಡಿಕೊಂಡು, ವರ್ಷಗಟ್ಟಲೆ ಮಾತು ಬಿಟ್ಟಿರುತ್ತಾರೆ. ಆಮೇಲೆ ತಂಗಿಯ ಮದುವೆಯೋ ತಾಯಿಯ ಸಾವೋ ಬರುತ್ತದೆ. ಅಂಥ ಹೊತ್ತಿನಲ್ಲಿ ಅತ್ತೆ ಆಣೆ ಇಳಿಸುತ್ತಿದ್ದಳು. ನೀರಿಗೆ ಭಂಡಾರ ಕಲಸಿ, ಚಾಚಿದ ಎರಡೂ ಕೈಗೆ ಸುರಿದು, ಇಳೀತು ಎನ್ನುವುದು. ಬುಟ್ಟಿ ಹೊತ್ತವಳಿಗೆ ಮಾತ್ರ ಆ ಹಕ್ಕು. ಊರವರ ಆಣೆಗಳನ್ನು ಇಳಿಸುತ್ತಿದ್ದ ಅವಳು ಗೌಡರ ಆಣೆ ಇಳಿಸಬಹುದೆಂದು ಯಾವತ್ತೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ನಾವು ಅಷ್ಟು ಹೆದರಿದ್ದೆವು.

ಬಸ್ಸಿನ ಬಾಗಿಲಲ್ಲಿ ದಾರಿಗೆಂದು ನೀರಿನ ಬಾಟಲಿಗಳ ಪೆಟ್ಟಿಗೆ ಇಟ್ಟಿದ್ದರು. ಒಂದನ್ನು ತೆಗೆದು ಭಂಡಾರ ಹಾಕಿ ಅಲ್ಲಾಡಿಸಿದೆ. "ನಾ ಹಿಡಿದ ಆಣಿ ನಾನಽ ಇಳಿಸ್ತೀನಿ. ಯಾರಿಗೆ ಬೇಕು ಬರ್ರಿ."

ಯಾರೂ ಬರಲಿಲ್ಲ. ಕೆಲವರು ತಲೆ ತಗ್ಗಿಸಿ ಬಸ್ಸು ಹತ್ತಿದರು. ಅವರನ್ನು ನಾನು ಬೈಯುವುದಿಲ್ಲ, ಅವರಿಗೂ ಮಕ್ಕಳಿದ್ದಾರೆ. ಜಟ್ಟೆಪ್ಪ ಬಾಟಲಿ ಕಸಿಯಲು ಬಂದ. ಅಷ್ಟರಲ್ಲಿ ಚಂದ್ರಬಾಯಿ ಅವನನ್ನು ಮೊಣಕೈಯಿಂದ ತಳ್ಳಿ ಮುಂದೆ ಬಂದಳು. ಕೈ ಚಾಚಿದಳು. ಸಿಮೆಂಟಿಗೆ ಬೆರಳ ಸಂದು ಒಡೆದ ಕೈ.

"ಯಾವ್ಯಾವ ಆಣಿ ಇಳಿಸ್ತೀ?"

"ಎಲ್ಲಾ."

"ದವಾಖಾನಿ ಅಂಗಳದ್ದೂ?"

"ಅದೂ."

ಸುರಿದೆ. ಹಳದಿ ನೀರು ಅವಳ ಮೊಣಕೈ ತನಕ ಇಳಿಯಿತು. ಇಳೀತು ಎಂದೆ. ಚಂದ್ರಬಾಯಿ ತನ್ನ ಕೈ ತಾನೇ ನೋಡಿಕೊಂಡಳು. ಏನೂ ಆಗಲಿಲ್ಲ. ಆಮೇಲೆ ಒಮ್ಮೆಲೇ ಎದೆ ಬಡಿದುಕೊಂಡು ಕೂಗಿದಳು. "ನನ್ನ ಮಗನ್ನ ಕೊಂದ ಟೆಂಪೋ ನಾವು ಮಾಡಿದ್ದಲ್ಲ! ನಾವು ಮಾಡಿದ್ದಲ್ಲಽ!" ಐದು ವರ್ಷ ತಡೆದಿಟ್ಟ ಅಳು ಅದು. ಮೈದಾನದ ಆಚೆ ರಿಕ್ಷಾದವರೂ ತಿರುಗಿ ನೋಡಿದರು.

ಅವಳೇ ಬಾಟಲಿ ಇಸಿದುಕೊಂಡು ನನ್ನ ಕೈಗೂ ಸುರಿದಳು. ಬುಟ್ಟಿ ಹೊತ್ತವಳ ಕೈಗೆ ಯಾರು ಸುರಿಯಬೇಕೆಂಬ ಪದ್ಧತಿ ನನಗೆ ಗೊತ್ತಿರಲಿಲ್ಲ. ಇರದಿದ್ದರೆ ಇವತ್ತಿನಿಂದ ಇರಲಿ ಎಂದುಕೊಂಡೆ. ಮೈಯನ್ನು ತಿರುಗಿಸಿ ಮಗನ ಎದುರು ನಿಂತೆ.

"ಅಂಬರೀಶಾ, ಕೇಳು. ಟೆಂಪೋ ನಿಮ್ಮಪ್ಪ ಮಾಡಿದ್ದಲ್ಲ. ಗೌಡ್ರ ಕಡೆಯವ್ರು ಕೊಟ್ಟಿದ್ದು. ಹೆಣಾ ಕೊಡಂಗಿಲ್ಲ ಅಂದು ನಮ್ಮ ಬಾಯಿ ಕಟ್ಟಿದ್ರು. ನಿಮ್ಮಪ್ಪ ಹೆಂಗಸ್ರಿಗೆ ಜಾಗಾ ಬಿಟ್ಟು ಹಿಂದ ಕುಂತಿದ್ದ. ಅದಕ್ಕಽ ಸತ್ತ."

ಅಂಬರೀಶ ಕೈಯಲ್ಲಿದ್ದ ಚೀಲ ಕೆಳಗಿಟ್ಟ. ಜ್ಯೋತಿಯ ಪಕ್ಕ ಹೋಗಿ ಪೈಪಿನ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ತೂನೇ ಬೋಲಾ ಕ್ಯೂಂ ನಹೀ," ಎಂದ. ಆಮೇಲೆ ಮುರುಕು ಕನ್ನಡದಲ್ಲಿ, "ಯಾಕ ಹೇಳಿಲ್ಲ ಅವ್ವಾ," ಎಂದ. ಆಣೆ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಆಮೇಲೆ ಬಂದರು. ಟೆಂಪೋದಲ್ಲಿ ಕೈ ಮುರಿದಿದ್ದವನು ಬಂದ. ಬಸ್ಸಿನಿಂದ ಇಳಿದು ಬಂದವರೂ ಇದ್ದರು. ಬಾಟಲಿ ಖಾಲಿಯಾಯಿತು, ಇನ್ನೊಂದು ಒಡೆದೆ. ಊರಿಗೆ ಹೋಗುವವರು ಹೋಗಿ, ಗೌಡರ ಊಟ ಉಣ್ಣಿ, ಓಟಿನ ಗುಂಡಿ ಮಾತ್ರ ನಿಮಗೆ ಬೇಕಾದದ್ದನ್ನು ಒತ್ತಿ ಎಂದೆ. ಅರ್ಧ ಬಸ್ಸು ತುಂಬಿತ್ತು, ಅರ್ಧ ಖಾಲಿ. ತುಂಬಿದ ಅರ್ಧದಲ್ಲಿ ಎಷ್ಟು ಕೈ ತೊಳೆದಿದ್ದವು, ಎಷ್ಟು ತೊಳೆದಿರಲಿಲ್ಲ, ನಾನು ಲೆಕ್ಕ ಇಡಲಿಲ್ಲ. ಜಟ್ಟೆಪ್ಪನ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವನು ತೆಗೆದು ನೋಡಿದ, ಮತ್ತೆ ಕಿಸೆಗೆ ಹಾಕಿದ. ಬಸ್ಸಿನ ಚಕ್ರಕ್ಕೆ ಒರಗಿ ತುಂಬ ಹೊತ್ತು ನಿಂತಿದ್ದ.

ಕೊನೆಗೆ ನನ್ನ ಹತ್ತಿರ ಬಂದ. ಜಗಳಕ್ಕೆ ಬಂದ ಎಂದು ಅಂಬರೀಶ ಎದ್ದ. ಜಟ್ಟೆಪ್ಪ ನನ್ನ ಮುಂದೆ ಎರಡೂ ಕೈ ಚಾಚಿದ.

"ನನ್ನ ಕೈ ಮ್ಯಾಲೂ ಹಾಕು ಯಕ್ಕಾ."

ನನ್ನ ಗಂಡನ ಹೆಣ ತೋರಿಸಿ ಬಾಯಿ ಮುಚ್ಚಿಸಿದವನು ಇವನು. ನನ್ನ ಮಗನ ಅನ್ನ ಕಿತ್ತವನು. ಕೈಯ ಮೇಲೆ ಉಗುಳಬೇಕೆನಿಸಿತು. ಉಗುಳಲಿಲ್ಲ. ಆ ದಿನ ಆಸ್ಪತ್ರೆಯ ಅಂಗಳದಲ್ಲಿ ಅವನೂ ಭಂಡಾರ ಮುಟ್ಟಿದ್ದ. ಸುರಿದೆ. ಇಳೀತು ಎಂದೆ.

"ಈಗ ಹೇಳು. ಟೆಂಪೋ ಯಾರು ಕಳಿಸಿದ್ರು?"

ಅವನು ನೆಲ ನೋಡಿದ. "ಗೌಡ್ರು," ಎಂದ, ನನಗೊಬ್ಬಳಿಗೇ ಕೇಳುವಷ್ಟು. "ಗೌಡ್ರಽ ಫೋನ್ ಮಾಡಿ ಹೇಳಿದ್ರು. ಬಸ್ಸು ಯಾಕ, ಉಳ್ಳಾಗಡ್ಡಿ ಗಾಡಿಯಾಗ ತುಂಬಿ ಕಳಸು ಅಂದ್ರು."

"ಇನ್ನೊಮ್ಮೆ ಹೇಳು," ಎಂದೆ. "ಬಸ್ಸಿನ್ಯಾಗ ಕುಂತವರಿಗೆ ಕೇಳಿಸಿಲ್ಲ."